ಅಂಕಿತ ಅಳಿಸಿದ ಬರಹಗಳು

ಕನ್ನಡದ ವಚನಕಾರರು, ದಾಸರು ಮತ್ತು ತತ್ವಪದಕಾರರು ತಮ್ಮ ರಚನೆಯ ಕೊನೆಯಲ್ಲಿ ಇರಿಸುತ್ತಿದ್ದ ಗುರುತಿನ ಹೆಸರನ್ನು ಅಂಕಿತ ಎಂದೂ ಮುದ್ರಿಕೆ ಎಂದೂ ಕರೆಯುತ್ತಾರೆ. ಅದು ಬಹುಮಟ್ಟಿಗೆ ಕವಿಯ ಸ್ವಂತ ಹೆಸರಲ್ಲ, ಅವನ ಇಷ್ಟದೈವದ ಅಥವಾ ಗುರುವಿನ ಹೆಸರು. ಆದರೂ ಆ ಒಂದು ಪದ ಕಿವಿಗೆ ಬಿದ್ದೊಡನೆ ಈ ಮಾತು ಯಾರದೆಂಬುದು ಕೇಳುವವರಿಗೆ ತಿಳಿದುಬಿಡುತ್ತಿತ್ತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿಯ ನೆಲ ಈ ಪದ್ಧತಿಯನ್ನು ಶತಮಾನಗಳ ಕಾಲ ಬಾಳಿಸಿಕೊಂಡು ಬಂದಿದೆ. ಅಬ್ಬಲೂರಿನ ಶಾಸನವು ಆಳಂದೆಯವನೆಂದು ಹೇಳುವ ಏಕಾಂತದ ರಾಮಯ್ಯ 12ನೆಯ ಶತಮಾನದ ಶರಣ. ಅವನ ವಚನಗಳು ಬೆರಳೆಣಿಕೆಯಷ್ಟೇ ಉಳಿದಿದ್ದರೂ ‘ಎನ್ನಯ್ಯ ಚೆನ್ನರಾಮ’ ಎಂಬ ಅಂಕಿತವಿರುವುದರಿಂದ ಅವು ಬೇರೆಯವರ ವಚನರಾಶಿಯಲ್ಲಿ ಕರಗಿಹೋಗಿಲ್ಲ. ಜೇವರ್ಗಿಯ ಷಣ್ಮುಖ ಶಿವಯೋಗಿಗಳು 17ನೆಯ ಶತಮಾನದ ಸುಮಾರಿಗೆ ರಚಿಸಿದ 700ಕ್ಕೂ ಹೆಚ್ಚು ವಚನಗಳು ‘ಅಖಂಡೇಶ್ವರ’ ಎಂಬ ಗುರುವಿನ ಹೆಸರನ್ನು ಹೊತ್ತು ನಿಂತಿವೆ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಬಹುಕಾಲ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರ ತತ್ವಪದಗಳ ಕೊನೆಯಲ್ಲಿ ಗುರು ಮಹಾಂತನ ಹೆಸರು ಬರುತ್ತದೆ. ಅವರ ಶಿಷ್ಯರಾದ ಚನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು, ತೆಲಗಬಾಳ ರೇವಪ್ಪನವರು ಅದೇ ಪರಂಪರೆಯನ್ನು ಮುಂದುವರಿಸಿದರು.

ಈ ಪದಗಳನ್ನು ಹಾಡಲು ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಏಕತಾರಿ ದಮ್ಮಡಿ ಹಿಡಿದು ರಾತ್ರಿಯಿಡೀ ಭಜನೆ ಮಾಡುವ ಮೇಳಗಳು ಒಂದು ಊರಿನ ಪದವನ್ನು ಇನ್ನೊಂದು ಊರಿಗೆ ಒಯ್ದವು, ಹಾಡಿನ ಪುಸ್ತಕಗಳು ಕೈಬರಹದಲ್ಲಿ ನಕಲಾಗುತ್ತ ಹೋದವು, ಹಾಡುವವರ ಬಾಯಲ್ಲಿ ನುಡಿಗಳು ಅಲ್ಪಸ್ವಲ್ಪ ಬದಲಾದವು. ಆದರೆ ಕೊನೆಯ ನುಡಿಯಲ್ಲಿ ಅಂಕಿತ ಬಂದೇ ಬರಬೇಕಿತ್ತು. ಇಂದು ಜಾಲತಾಣಗಳಲ್ಲಿ ಬರೆಯುವವರ ಮುಖ್ಯ ದುಃಖವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದಿಲ್ಲ. ತಮ್ಮ ಬರಹ ಹರಡಿತೆಂದು ಅವರು ಕೊರಗುವುದು ಕಡಿಮೆ; ಹರಡುವ ಮೊದಲು ಯಾರೋ ಅದರ ಕೊನೆಯ ಸಾಲನ್ನು, ಅಂದರೆ ಹೆಸರಿದ್ದ ಸಾಲನ್ನು, ಅಳಿಸಿದರೆಂಬುದೇ ಅವರನ್ನು ನೋಯಿಸುವ ಸಂಗತಿ.

ಹೆಸರು ಅಳಿಸುವ ಕೆಲಸಕ್ಕೆ ಕನ್ನಡದ ಜಾಲಲೋಕದಲ್ಲಿ ಕೆಲವು ಸಭ್ಯ ಪದಗಳು ಬಳಕೆಗೆ ಬಂದುಬಿಟ್ಟಿವೆ. ಬೇರೊಬ್ಬರ ಲೇಖನವನ್ನು ಪೂರ್ತಿಯಾಗಿ ಎತ್ತಿ ಹಾಕಿ, ಕೆಳಗೆ ‘ಸಂಗ್ರಹ’ ಎಂದು ಬರೆದು ತನ್ನ ಹೆಸರು ಸೇರಿಸುವುದು ಅವುಗಳಲ್ಲಿ ಮೊದಲನೆಯದು; ಓದುವವರಿಗೆ ಸಂಗ್ರಹಿಸಿದವರೇ ಬರೆದವರಂತೆ ತೋರುತ್ತದೆ, ಕೇಳಿದರೆ ‘ಸಂಗ್ರಹ ಎಂದು ಹಾಕಿದ್ದೇನಲ್ಲ’ ಎಂಬ ಸಮರ್ಥನೆ ಸಿದ್ಧವಾಗಿರುತ್ತದೆ. ಎರಡನೆಯದು ‘ಕೃಪೆ: ವಾಟ್ಸಾಪ್’ ಅಥವಾ ‘ಕೃಪೆ: ಅಂತರ್ಜಾಲ’ ಎಂಬ ಟಿಪ್ಪಣಿ. ವಾಟ್ಸಾಪ್ ಯಾವ ಬರಹವನ್ನೂ ಬರೆಯುವುದಿಲ್ಲ, ಅಂಚೆಯಣ್ಣನಂತೆ ತಲುಪಿಸುತ್ತದೆ ಅಷ್ಟೆ. ಪತ್ರ ಬರೆದವರನ್ನು ಬಿಟ್ಟು ಅಂಚೆಯಣ್ಣನಿಗೆ ಕೃಪೆ ಸಲ್ಲಿಸಿದರೆ ಅದನ್ನು ಕೃತಜ್ಞತೆ ಎನ್ನಲು ಬರುವುದಿಲ್ಲ. ಮೂರನೆಯದು ‘ಯಾರೋ ಬರೆದದ್ದು, ಇಷ್ಟವಾಯಿತು’ ಎಂಬುದು. ಇದರಲ್ಲಿ ಕದಿಯುವ ಉದ್ದೇಶ ಇಲ್ಲದಿರಬಹುದು, ಆದರೆ ಹತ್ತು ಗುಂಪುಗಳನ್ನು ದಾಟುವ ಹೊತ್ತಿಗೆ ಆ ‘ಯಾರೋ’ ಎಂಬ ಪದವೂ ಉದುರಿಹೋಗಿ, ಬರಹ ಅನಾಥವಾಗುತ್ತದೆ. ಲೇಖನವನ್ನು ಚಿತ್ರವನ್ನಾಗಿ ಮಾಡಿ ತನ್ನ ಪುಟದ ಮುದ್ರೆ ಒತ್ತುವುದು, ಕಥೆಯನ್ನು ಕೇಳದೆಯೇ ಓದಿ ಧ್ವನಿಮುದ್ರಿಸಿ ಯೂಟ್ಯೂಬಿಗೆ ಏರಿಸಿ ಜಾಹೀರಾತಿನ ಹಣ ಪಡೆಯುವುದು, ಇಂಗ್ಲಿಷ್ ಅಥವಾ ಮರಾಠಿ ಲೇಖನವನ್ನು ಯಂತ್ರದಿಂದ ಅನುವಾದಿಸಿ ಸ್ವಂತದ್ದೆಂದು ಪ್ರಕಟಿಸುವುದು ಇವೆಲ್ಲ ಇದೇ ಕೆಲಸದ ಹೊಸ ರೂಪಗಳು.

ಇಲ್ಲಿ ಎರಡು ಪರಿಕಲ್ಪನೆಗಳನ್ನು ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ದೂರು ಕೊಡಲು ಹೋದವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಬೇರೊಬ್ಬರ ಮಾತನ್ನು ತನ್ನದೆಂದು ತೋರಿಸಿಕೊಳ್ಳುವುದು ಕೃತಿಚೌರ್ಯ; ಬರಹದ ಮೇಲೆ ಕಾನೂನು ಕೊಟ್ಟಿರುವ ಹಕ್ಕನ್ನು ಅನುಮತಿಯಿಲ್ಲದೆ ಬಳಸುವುದು ಕೃತಿಸ್ವಾಮ್ಯದ ಉಲ್ಲಂಘನೆ. ಇವೆರಡೂ ಒಟ್ಟಿಗೆ ನಡೆಯುವುದೇ ಹೆಚ್ಚು, ಆದರೆ ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ. ಲೇಖಕರ ಹೆಸರನ್ನು ದೊಡ್ಡದಾಗಿ ಹಾಕಿ ಅವರ ಇಡೀ ಕಾದಂಬರಿಯನ್ನು ಪಿಡಿಎಫ್ ಮಾಡಿ ಟೆಲಿಗ್ರಾಮಿನಲ್ಲಿ ಹಂಚಿದವನು ಕೃತಿಚೌರ್ಯ ಮಾಡಿಲ್ಲ, ಆದರೆ ಕಾನೂನನ್ನು ಮುರಿದಿದ್ದಾನೆ. ಷಣ್ಮುಖ ಶಿವಯೋಗಿಗಳ ವಚನದ ಅಂಕಿತ ತೆಗೆದು ತನ್ನ ಕವಿತೆಯೆಂದು ಪ್ರಕಟಿಸಿದವನು ಯಾವ ಕೃತಿಸ್ವಾಮ್ಯವನ್ನೂ ಮುರಿದಿಲ್ಲ, ಏಕೆಂದರೆ ಅಷ್ಟು ಹಳೆಯ ಕೃತಿಗಳು ಎಲ್ಲರ ಸೊತ್ತು. ಆದರೆ ಅವನು ಮಾಡಿದ್ದು ಶುದ್ಧ ಕೃತಿಚೌರ್ಯ. ಮೊದಲನೆಯವನನ್ನು ನ್ಯಾಯಾಲಯಕ್ಕೆ ಎಳೆಯಬಹುದು, ಎರಡನೆಯವನನ್ನು ತಡೆಯಬೇಕಾದವರು ಓದುಗರು ಮತ್ತು ಸಂಪಾದಕರು.

ಭಾರತದ ಕಾವ್ಯಮೀಮಾಂಸಕರಿಗೆ ಈ ಸಮಸ್ಯೆ ಹೊಸದಾಗಿರಲಿಲ್ಲ. ಇಬ್ಬರು ಕವಿಗಳ ನಡುವೆ ಕಾಣುವ ಹೋಲಿಕೆಯನ್ನು 9ನೆಯ ಶತಮಾನದ ಆನಂದವರ್ಧನನು ಮೂರು ಬಗೆಯಾಗಿ ವಿಂಗಡಿಸಿದನು: ಕನ್ನಡಿಯ ಬಿಂಬದಂತಿರುವುದು, ಚಿತ್ರದಂತಿರುವುದು, ಒಂದೇ ಬಗೆಯ ದೇಹವಿರುವ ಇಬ್ಬರು ಮನುಷ್ಯರಂತಿರುವುದು. ಮೊದಲಿನ ಎರಡನ್ನು ಬಿಡಬೇಕು, ಮೂರನೆಯದನ್ನು ಒಪ್ಪಬಹುದು ಎಂಬುದು ಅವನ ತೀರ್ಪು. ಮೈಕಟ್ಟು ಹೋಲಿದರೂ ಜೀವ ಬೇರೆಯಾದರೆ ಕೃತಿಯೂ ಬೇರೆಯೇ ಎಂಬುದು ಅದರ ತಾತ್ಪರ್ಯ. ಮುಂದೆ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣ, ಅರ್ಥಹರಣ ಎಂದು ಕಳವಿನ ಬಗೆಗಳನ್ನು ವಿವರವಾಗಿ ಚರ್ಚಿಸಿದನು. ಕನ್ನಡದಲ್ಲಿ ಋಣವನ್ನು ಒಪ್ಪಿಕೊಂಡ ಉದಾಹರಣೆಯೂ ಅಷ್ಟೇ ಹಳೆಯದು: 1031ರ ಸುಮಾರಿಗೆ ‘ಪಂಚತಂತ್ರ’ವನ್ನು ಬರೆದ ದುರ್ಗಸಿಂಹನು ತಾನು ಅನುಸರಿಸಿದ್ದು ವಸುಭಾಗಭಟ್ಟನ ಕೃತಿಯನ್ನು ಎಂದು ಹೇಳಿಯೇ ಮುಂದೆ ಹೋಗುತ್ತಾನೆ. ವಸುಭಾಗಭಟ್ಟನ ಮೂಲವು ಇಂದು ಉಪಲಬ್ಧವಿಲ್ಲದಿದ್ದರೂ ಅವನ ಹೆಸರು ಬದುಕಿರುವುದಕ್ಕೆ ಆ ಪ್ರಾಮಾಣಿಕತೆಯೂ ಒಂದು ಕಾರಣ. ಹೆಸರು ಒಮ್ಮೆ ಮಸುಕಾದರೆ ಅದನ್ನು ಮರಳಿ ಪಡೆಯುವುದು ಎಷ್ಟು ಕಷ್ಟವೆಂಬುದಕ್ಕೂ ಕಲಬುರಗಿ ಜಿಲ್ಲೆಯಲ್ಲಿಯೇ ಸಾಕ್ಷಿಯಿದೆ. ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವನ್ನು ಕೆ. ಬಿ. ಪಾಠಕರು 1898ರಲ್ಲಿ ಪ್ರಕಟಿಸಿದ ಮೇಲೆ, ಅದನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು.

ಅಂಕಿತದ ಜಾಣ್ಮೆ ಇರುವುದು ಅದರ ಸ್ಥಾನದಲ್ಲಿ. ಇಂದಿನ ಲೇಖಕರ ಹೆಸರು ಬರಹದ ಹೊರಗೆ, ಮೇಲೋ ಕೆಳಗೋ, ಪ್ರತ್ಯೇಕ ಸಾಲಾಗಿ ಇರುತ್ತದೆ. ಅದನ್ನು ಬೆರಳ ತುದಿಯಿಂದ ತೆಗೆದರೆ ಬರಹಕ್ಕೆ ಒಂದು ಗಾಯವೂ ಆಗುವುದಿಲ್ಲ. ವಚನದ ಅಂಕಿತವು ವಾಕ್ಯದ ಒಳಗೆ, ಸಂಬೋಧನೆಯಾಗಿ, ಲಯದ ಭಾಗವಾಗಿ ಇರುತ್ತದೆ. ಅದನ್ನು ಕಿತ್ತರೆ ವಾಕ್ಯ ಮುರಿಯುತ್ತದೆ, ಹಾಡು ಕುಂಟುತ್ತದೆ. 1943ರಲ್ಲಿ ಪ್ರಕಟವಾದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ವು ಇದಕ್ಕೆ ಆಧುನಿಕ ಕಾಲದ ಪುರಾವೆ. ಪ್ರತಿದಿನ ಸಾವಿರಾರು ಮೊಬೈಲುಗಳಲ್ಲಿ ಓಡಾಡುವ ಕಗ್ಗದ ಚೌಪದಿಗಳು ತಮ್ಮ ಗುರುತನ್ನು ಕಳೆದುಕೊಂಡಿಲ್ಲ, ಏಕೆಂದರೆ ಅವುಗಳ ಕೊನೆಯಲ್ಲಿ ಮಂಕುತಿಮ್ಮನಿದ್ದಾನೆ. ಅದೇ ಕಾಲದ ಎಷ್ಟೋ ಒಳ್ಳೆಯ ಕವಿಗಳ ಸಾಲುಗಳು ಅದೇ ಮೊಬೈಲುಗಳಲ್ಲಿ ಹೆಸರಿಲ್ಲದೆ ಅಲೆಯುತ್ತಿವೆ.

ಆದರೆ ಅಂಕಿತವೂ ಅಭೇದ್ಯವಾದ ಕೋಟೆಯಲ್ಲ. ತನ್ನ ಮಾತನ್ನು ದೊಡ್ಡವರ ಹೆಸರಿನಲ್ಲಿ ಹರಿಯಬಿಡುವ ತಿರುಗುಮುರುಗಿನ ಕಳವು ಕೂಡ ಹಳೆಯದೇ. ಸರ್ವಜ್ಞನ ಹೆಸರಿನಲ್ಲಿ ಸಿಗುವ ತ್ರಿಪದಿಗಳಲ್ಲಿ ಎಷ್ಟೋ ಆ ಕವಿಯವಲ್ಲ. ಬೇರೆಯವರು ಸೇರಿಸಿದ ಇಂಥ ಭಾಗಗಳನ್ನು ವಿದ್ವಾಂಸರು ಪ್ರಕ್ಷಿಪ್ತ ಎನ್ನುತ್ತಾರೆ. ಇಂದು ಕುವೆಂಪು, ಬೇಂದ್ರೆ, ಅಬ್ದುಲ್ ಕಲಾಂ ಅವರ ಚಿತ್ರದ ಪಕ್ಕ ಅವರು ಎಂದೂ ಹೇಳದ ಮಾತುಗಳನ್ನು ಹಾಕಿ ಹಂಚುವುದು ಆ ಚಾಳಿಯ ಮುಂದುವರಿಕೆ. ಗುರುವಿನ ಹೆಸರನ್ನೇ ಶಿಷ್ಯರು ಅಂಕಿತವಾಗಿಸಿಕೊಳ್ಳುವ ತತ್ವಪದ ಪರಂಪರೆಯಲ್ಲಿ, ಯಾವ ಪದ ಗುರುವಿನದು ಯಾವುದು ಶಿಷ್ಯನದು ಎಂದು ಬಿಡಿಸುವುದೂ ಸುಲಭವಲ್ಲ. ಆದರೆ ಅಲ್ಲಿ ಶಿಷ್ಯ ತನ್ನ ಹೆಸರನ್ನು ಗುರುವಿನ ಹೆಸರಿನಲ್ಲಿ ಮುಚ್ಚಿಕೊಂಡದ್ದು ಭಕ್ತಿಯಿಂದ; ಅದನ್ನು ಇಂದಿನ ಕಳವಿನ ಸಾಲಿಗೆ ಸೇರಿಸುವುದು ಅನ್ಯಾಯವಾದೀತು.

ಅಂಕಿತವನ್ನು ಬದಲಿಸಿದರೆ ಎಷ್ಟು ದೊಡ್ಡ ವಿವಾದವಾಗಬಹುದೆಂಬುದನ್ನು ಕರ್ನಾಟಕ ಇತ್ತೀಚಿನ ದಶಕಗಳಲ್ಲಿಯೇ ಕಂಡಿದೆ. ಮಾತೆ ಮಹಾದೇವಿಯವರು ಸಂಪಾದಿಸಿದ ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಎಂಬ ಅಂಕಿತದ ಬದಲು ‘ಲಿಂಗದೇವ’ ಎಂಬ ಪದವನ್ನು ಬಳಸಲಾಗಿತ್ತು. ರಾಜ್ಯ ಸರಕಾರವು 1998ರಲ್ಲಿ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. ಪ್ರಕರಣ ಮೇಲಿನ ನ್ಯಾಯಾಲಯಗಳಿಗೆ ಹೋಗಿ, 2017ರಲ್ಲಿ ಸುಪ್ರೀಂ ಕೋರ್ಟು ಸರಕಾರದ ಕ್ರಮವನ್ನು ಎತ್ತಿಹಿಡಿಯಿತು. ಇದು ಕೃತಿಸ್ವಾಮ್ಯದ ಮೊಕದ್ದಮೆಯಲ್ಲ, ಧಾರ್ಮಿಕ ಭಾವನೆಗೆ ಧಕ್ಕೆಯಾಗುವ ಪ್ರಶ್ನೆಯ ಮೇಲೆ ನಡೆದದ್ದು. ಬದಲಾವಣೆಯನ್ನು ಮಾಡಿದವರು ಅದಕ್ಕೆ ತಮ್ಮದೇ ಧಾರ್ಮಿಕ ಕಾರಣವನ್ನೂ ಕೊಟ್ಟಿದ್ದರು. ಆದರೂ ಎಂಟುನೂರು ವರ್ಷಗಳ ಹಿಂದಿನ ಒಬ್ಬ ಕವಿಯ ಒಂದು ಪದಕ್ಕಾಗಿ ಒಂದು ಸಮಾಜ ಇಷ್ಟು ದೂರ ಹೋಯಿತೆಂದರೆ, ಬರೆದವರ ಗುರುತು ಕನ್ನಡಿಗರಿಗೆ ಸಣ್ಣ ವಿಷಯವಲ್ಲವೆಂದೇ ಅರ್ಥ. ಬದುಕಿರುವ ಲೇಖಕರ ಹೆಸರಿನ ವಿಷಯದಲ್ಲಿಯೂ ಅಷ್ಟೇ ಕಾಳಜಿ ಇರಬೇಕಾದದ್ದು ನ್ಯಾಯ.

ಕಾನೂನಿನ ಮಟ್ಟಿಗೆ ಬರೆದವರ ಬೆಂಬಲಕ್ಕಿರುವುದು 1957ರ ಕೃತಿಸ್ವಾಮ್ಯ ಅಧಿನಿಯಮ. ಬರಹವು ಕಾಗದದ ಮೇಲೆಯೋ ಪರದೆಯ ಮೇಲೆಯೋ ರೂಪ ಪಡೆದ ಕ್ಷಣದಲ್ಲಿಯೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೆ ವಿವಾದ ಬಂದಾಗ ಅದು ಮೇಲ್ನೋಟದ ಸಾಕ್ಷ್ಯವಾಗಿ ಉಪಯೋಗಕ್ಕೆ ಬರುತ್ತದೆ. ಹಕ್ಕಿನ ಅವಧಿ ಲೇಖಕರ ಜೀವಿತಕಾಲ ಮತ್ತು ಅವರು ತೀರಿಕೊಂಡ ವರ್ಷದ ನಂತರದ 60 ವರ್ಷ. ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ಆದ್ದರಿಂದ ಅವರ ಸ್ವಂತ ಬರಹಗಳು 2025ರ ಜನವರಿ 1ರಿಂದ ಎಲ್ಲರ ಬಳಕೆಗೆ ಮುಕ್ತವಾದವು. ‘ಸಂಗ್ರಹ’ ಎಂಬ ಪದಕ್ಕೆ ನಿಜವಾದ ಅರ್ಥ ತಂದವರು ಅಂಥವರು. ಅವರು ತಾಳೆಗರಿಗಳಿಂದ ಎತ್ತಿದ ಪ್ರತಿಯೊಂದು ವಚನವನ್ನೂ ಅದರ ಅಂಕಿತದೊಡನೆಯೇ ಮುದ್ರಿಸಿದರು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳ ಮೇಲಿನ ಹಕ್ಕು 2041ರ ಕೊನೆಯವರೆಗೂ, 1994ರಲ್ಲಿ ತೀರಿಕೊಂಡ ಕುವೆಂಪು ಅವರದು 2054ರ ಕೊನೆಯವರೆಗೂ ಇರುತ್ತದೆ. ಹಳೆಯ ವಚನ ಮುಕ್ತವಾದರೂ ಅದಕ್ಕೆ ಇಂದಿನ ವಿದ್ವಾಂಸರು ಬರೆದ ಅರ್ಥ, ಟಿಪ್ಪಣಿ, ಮುನ್ನುಡಿಗಳು ಮುಕ್ತವಲ್ಲ ಎಂಬುದನ್ನು ವಚನದ ವ್ಯಾಖ್ಯಾನಗಳನ್ನು ಎತ್ತಿ ಹಾಕುವವರು ಮರೆಯುತ್ತಾರೆ.

ಕಾನೂನು ಕಾಯುವುದು ವಿಷಯವನ್ನಲ್ಲ, ವಿಷಯವನ್ನು ಹೇಳಿದ ರೀತಿಯನ್ನು. ಆರ್. ಜಿ. ಆನಂದ್ ಅವರ ನಾಟಕ ಮತ್ತು ಒಂದು ಹಿಂದಿ ಚಲನಚಿತ್ರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಈ ತತ್ವವನ್ನು ಸ್ಪಷ್ಟಪಡಿಸಿತು; ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಎರಡನೆಯದು ಮೊದಲನೆಯದರ ನಕಲೆಂಬ ಭಾವನೆ ತಪ್ಪದೆ ಬರುತ್ತದೆಯೇ ಎಂಬುದು ಆ ತೀರ್ಪು ಕೊಟ್ಟ ಪರೀಕ್ಷೆ. ಹೀಗಾಗಿ ದೇವಲ ಗಾಣಗಾಪುರದ ದತ್ತಕ್ಷೇತ್ರದ ಬಗ್ಗೆಯೋ ತೊಗರಿ ಬೆಳೆಯ ನೆಟೆರೋಗದ ಬಗ್ಗೆಯೋ ಒಬ್ಬರು ಬರೆದರೆಂದು ಇನ್ನೊಬ್ಬರು ಬರೆಯಬಾರದೆಂದಿಲ್ಲ. ಅವರ ವಾಕ್ಯಗಳನ್ನು, ಅವರ ಜೋಡಣೆಯನ್ನು ಎತ್ತಬಾರದು. ಎಲ್ಲ ಹೋಲಿಕೆಯನ್ನೂ ಕಳವೆಂದು ಕೂಗುವ ಲೇಖಕರು ಈ ಗೆರೆಯನ್ನು ಗಮನಿಸುವುದು ಒಳ್ಳೆಯದು, ಇಲ್ಲವಾದರೆ ನಿಜವಾದ ದೂರಿನ ತೂಕವೂ ಕಡಿಮೆಯಾಗುತ್ತದೆ. ಕನ್ನಡದ ಮಟ್ಟಿಗೆ ಈ ವಿಷಯದಲ್ಲಿ ಮುಖ್ಯವಾದ ಇನ್ನೊಂದು ತೀರ್ಪು ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗೆ ಸಂಬಂಧಿಸಿದ್ದು. ಕಾರಂತರು ಉಯಿಲಿನ ಮೂಲಕ ತಮ್ಮ ಕೃತಿಗಳ ಹಕ್ಕನ್ನು ಬಿ. ಮಾಲಿನಿ ಮಲ್ಯ ಅವರಿಗೆ ಕೊಟ್ಟಿದ್ದರು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಅನುಮತಿಯಿಲ್ಲದೆ ಪ್ರದರ್ಶನ ನೀಡಿದಾಗ ಹುಟ್ಟಿದ ಮೊಕದ್ದಮೆ 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಹಕ್ಕು ಉಯಿಲಿನ ಮೂಲಕ ಮಲ್ಯ ಅವರಿಗೆ ಬಂದಿತ್ತೆಂಬುದು ಉಳಿಯಿತು. ಅದರೊಡನೆ, ಶಿಕ್ಷಣಸಂಸ್ಥೆಗಳು ಕೆಲವು ಮಿತಿಗಳೊಳಗೆ ಕೃತಿಯನ್ನು ಪ್ರದರ್ಶಿಸಲು ಕಾನೂನು ಕೊಟ್ಟಿರುವ ವಿನಾಯಿತಿಯನ್ನೂ ನ್ಯಾಯಾಲಯ ಎತ್ತಿ ಹೇಳಿತು.

ಅನುವಾದದ ಹಕ್ಕೂ ಮೂಲ ಲೇಖಕರದೇ. ಮಹಾರಾಷ್ಟ್ರದ ಗಡಿಗೆ ತಾಗಿರುವ ಆಳಂದ ಮತ್ತು ಅಫಜಲಪುರದಲ್ಲಿ ಕನ್ನಡ, ಮರಾಠಿ, ದಖ್ಖನಿ ಉರ್ದುಗಳು ಒಂದೇ ಸಂತೆಯಲ್ಲಿ, ಒಂದೇ ಮನೆಯಲ್ಲಿ ಕೂಡ ಕೇಳಿಸುತ್ತವೆ. ಒಂದು ಭಾಷೆಯ ಕಥೆ ಇನ್ನೊಂದಕ್ಕೆ ದಾಟುವುದು ಅಲ್ಲಿ ಸಹಜ, ಆರೋಗ್ಯಕರ ಕೂಡ. ಆದರೆ ಬದುಕಿರುವ ಲೇಖಕರ ಮರಾಠಿ ಕಥೆಯನ್ನು ಕನ್ನಡಕ್ಕೆ ತರುವವರು ಅನುಮತಿ ಪಡೆಯಬೇಕು, ಮೂಲವನ್ನು ಹೇಳಬೇಕು. ಹೇಳಿದ ಮೇಲೆ ಆ ಅನುವಾದವು ಅನುವಾದಕರ ಸ್ವಂತ ಕೃತಿಯಾಗಿ ಅವರಿಗೂ ಹಕ್ಕು ತಂದುಕೊಡುತ್ತದೆ.

ಅಧಿನಿಯಮದ 57ನೆಯ ಕಲಮನ್ನು ಪ್ರತಿಯೊಬ್ಬ ಬರಹಗಾರನೂ ತಿಳಿದಿರಬೇಕು, ಏಕೆಂದರೆ ಅಂಕಿತದ ಆತ್ಮ ಇರುವುದು ಅಲ್ಲಿಯೇ. ಕೃತಿಸ್ವಾಮ್ಯವನ್ನು ಪೂರ್ತಿಯಾಗಿ ಮಾರಿದ ಮೇಲೆಯೂ, ಇದು ತನ್ನ ಕೃತಿಯೆಂದು ಹೇಳಿಕೊಳ್ಳುವ ಹಕ್ಕು ಮತ್ತು ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ತಿರುಚುವುದನ್ನು ತಡೆಯುವ ಹಕ್ಕು ಲೇಖಕರಲ್ಲಿಯೇ ಉಳಿಯುತ್ತವೆ. ಇವನ್ನು ನೈತಿಕ ಹಕ್ಕುಗಳೆನ್ನುತ್ತಾರೆ. ಹಿಂದಿ ಲೇಖಕಿ ಮನ್ನು ಭಂಡಾರಿಯವರು ತಮ್ಮ ಕಾದಂಬರಿಯನ್ನು ಆಧರಿಸಿದ ಚಲನಚಿತ್ರದ ವಿರುದ್ಧ ದಿಲ್ಲಿ ಹೈಕೋರ್ಟಿಗೆ ಹೋದಾಗ 1986ರ ಸುಮಾರಿಗೆ ಈ ಕಲಮಿಗೆ ನಿಜವಾದ ಬಲ ಬಂದಿತು. 52ನೆಯ ಕಲಮಿನ ಒಂದು ಸಣ್ಣ ಉಪವಾಕ್ಯವೂ ಪತ್ರಿಕಾ ಬರಹಗಾರರಿಗೆ ಮಹತ್ವದ್ದು: ಪ್ರಚಲಿತ ಆರ್ಥಿಕ, ರಾಜಕೀಯ, ಸಾಮಾಜಿಕ ಅಥವಾ ಧಾರ್ಮಿಕ ವಿಷಯದ ಲೇಖನವನ್ನು ಬೇರೊಂದು ಪತ್ರಿಕೆ ಮರುಮುದ್ರಿಸಬಹುದು, ಆದರೆ ಲೇಖಕರು ಆ ಹಕ್ಕನ್ನು ತಮಗೇ ಕಾಯ್ದಿರಿಸಿಕೊಂಡಿದ್ದರೆ ಹಾಗೆ ಮಾಡುವಂತಿಲ್ಲ. ಲೇಖನದ ಕೊನೆಯಲ್ಲಿ ‘ಮರುಪ್ರಕಟಣೆಯ ಹಕ್ಕುಗಳನ್ನು ಲೇಖಕರು ಕಾಯ್ದಿರಿಸಿಕೊಂಡಿದ್ದಾರೆ’ ಎಂಬ ಒಂದು ಸಾಲು ಬರೆದರೆ ಅದು ಅಲಂಕಾರವಲ್ಲ, ಕಾನೂನಿನ ಪರಿಣಾಮವುಳ್ಳ ಸಾಲು.

ಕಳವು ಕಣ್ಣಿಗೆ ಬಿದ್ದಾಗ ಬರಹಗಾರರು ಸಾಮಾನ್ಯವಾಗಿ ಮೊದಲು ಮಾಡುವುದು ಫೇಸ್‌ಬುಕ್ಕಿನಲ್ಲಿ ಸಿಟ್ಟಿನ ಪೋಸ್ಟು ಹಾಕುವುದು, ಮತ್ತು ಅದೇ ಮೊದಲ ತಪ್ಪು. ಪೋಸ್ಟು ಕಂಡ ಕಳ್ಳ ಕದ್ದ ಬರಹವನ್ನು ಅಳಿಸುತ್ತಾನೆ, ಸಾಕ್ಷ್ಯ ಮಾಯವಾಗುತ್ತದೆ, ಉಳಿಯುವುದು ಬರಹಗಾರರ ಆರೋಪವೊಂದೇ. ಮೊದಲು ಆಗಬೇಕಾದದ್ದು ದಾಖಲೆ: ಕದ್ದ ಪುಟದ ಪೂರ್ಣ ವಿಳಾಸ, ದಿನಾಂಕ ಮತ್ತು ವೇಳೆ ಕಾಣುವ ಸ್ಕ್ರೀನ್‌ಶಾಟ್, ವಿಡಿಯೊ ಆಗಿದ್ದರೆ ಅದರ ಪ್ರತಿ, ಇವುಗಳ ಜೊತೆಗೆ ತಾನು ಮೊದಲು ಬರೆದೆನೆಂಬುದನ್ನು ತೋರಿಸುವ ಕಡತ, ಸಂಪಾದಕರಿಗೆ ಕಳಿಸಿದ ಇಮೇಲ್, ಮುದ್ರಿತ ಸಂಚಿಕೆ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯ ಒಪ್ಪಬೇಕಾದರೆ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಒಂದಕ್ಷರ ಬದಲಾದರೂ ತಾನೂ ಬದಲಾಗುವ ಬೆರಳಚ್ಚಿನಂಥ ಸಂಕೇತಾಂಕವನ್ನು, ನಮೂದಿಸಬೇಕಾಗುತ್ತದೆ.

ದಾಖಲೆಯ ನಂತರ ಎತ್ತಿದವರಿಗೇ ಒಂದು ಪತ್ರ ಬರೆಯುವುದು ಉಚಿತ, ಅದೂ ಸೌಜನ್ಯದಿಂದ. ಅನೇಕರು ತಿಳಿಯದೆ ಮಾಡಿರುತ್ತಾರೆ, ಹೆಸರು ಹಾಕಿ ಕ್ಷಮೆ ಕೇಳಿ ಮುಗಿಸುತ್ತಾರೆ. ಬೆದರಿಕೆಯ ಧಾಟಿ ಬೇಡವೆನ್ನಲು ಕಾನೂನಿನ ಕಾರಣವೂ ಇದೆ; ಆಧಾರವಿಲ್ಲದೆ ಮೊಕದ್ದಮೆಯ ಬೆದರಿಕೆ ಹಾಕಿದವರ ವಿರುದ್ಧವೇ ದಾವೆ ಹೂಡಲು 60ನೆಯ ಕಲಮು ಅವಕಾಶ ಕೊಡುತ್ತದೆ. ಪತ್ರಕ್ಕೆ ಉತ್ತರ ಬರದಿದ್ದರೆ ಬರಹವನ್ನು ಇರಿಸಿಕೊಂಡಿರುವ ಜಾಲತಾಣಕ್ಕೆ ದೂರು ಕೊಡಬೇಕು. 2013ರ ಕೃತಿಸ್ವಾಮ್ಯ ನಿಯಮಗಳ 75ನೆಯ ನಿಯಮದಂತೆ ಲಿಖಿತ ದೂರು ತಲುಪಿದ 36 ಗಂಟೆಗಳೊಳಗೆ, ದೂರು ಸಮಂಜಸವೆನಿಸಿದರೆ, ತಾಣವು ಆ ಬರಹವನ್ನು ತಡೆಹಿಡಿಯಬೇಕು. ಆದರೆ ದೂರುದಾರರು ನ್ಯಾಯಾಲಯಕ್ಕೆ ಹೋಗಿ 21 ದಿನಗಳೊಳಗೆ ಆದೇಶ ತರುವುದಾಗಿ ಒಪ್ಪಿಕೊಳ್ಳಬೇಕು, ತರದಿದ್ದರೆ ತಾಣವು ಅದನ್ನು ಮತ್ತೆ ತೆರೆಯಬಹುದು. ತಾಲ್ಲೂಕು ಕೇಂದ್ರದಲ್ಲಿ ಕುಳಿತು ಬರೆಯುವ ಶಾಲಾ ಶಿಕ್ಷಕಿಗೋ ಕೃಷಿಕನಿಗೋ ಈ 21 ದಿನಗಳ ಷರತ್ತು ಭಾರವಾದದ್ದೇ, ಮತ್ತು ಅದನ್ನು ಸಡಿಲಿಸಬೇಕಾದ ಅಗತ್ಯ ಖಂಡಿತ ಇದೆ. ಯೂಟ್ಯೂಬ್, ಫೇಸ್‌ಬುಕ್‌ನಂಥ ದೊಡ್ಡ ತಾಣಗಳು ತಮ್ಮದೇ ದೂರಿನ ನಮೂನೆಗಳನ್ನು ಇಟ್ಟಿರುವುದರಿಂದ ಅಲ್ಲಿ ಪರಿಹಾರ ಹೆಚ್ಚು ಬೇಗ ಸಿಗುತ್ತದೆ. 90 ದಿನಗಳಲ್ಲಿ ಮೂರು ಸಲ ಕೃತಿಸ್ವಾಮ್ಯದ ಎಚ್ಚರಿಕೆ ಪಡೆದ ಚಾನೆಲ್ಲನ್ನು ಯೂಟ್ಯೂಬ್ ಮುಚ್ಚಬಲ್ಲದು.

ಕದ್ದದ್ದನ್ನು ಪತ್ತೆ ಮಾಡುವುದರಲ್ಲಿ ಕನ್ನಡಕ್ಕೆ ಅದರದೇ ಆದ ತೊಡಕಿದೆ. ಅನೇಕ ಪತ್ರಿಕೆಗಳೂ ಬರಹಗಾರರೂ ಇನ್ನೂ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡುತ್ತಾರೆ. ಕಣ್ಣಿಗೆ ಅದು ಕನ್ನಡವಾಗಿ ಕಂಡರೂ ಯಂತ್ರದೊಳಗೆ ರೋಮನ್ ಅಕ್ಷರಗಳ ಗೊಂದಲವಾಗಿ ಉಳಿಯುವುದರಿಂದ ಗೂಗಲ್ ಹುಡುಕಾಟಕ್ಕೆ ಅದು ಸಿಗುವುದಿಲ್ಲ. ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ರೀತಿ ತಿಳಿಯುವ ಅಕ್ಷರಸಂಕೇತ, ಇದ್ದರೆ ತನ್ನ ಲೇಖನದ ವಿಶಿಷ್ಟವಾದ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಿದರೆ ಸಾಕು, ನಕಲುಗಳು ಸಾಲಾಗಿ ಹೊರಬರುತ್ತವೆ. ವಚನಗಳ ಮಟ್ಟಿಗೆ ಈ ಕೆಲಸವನ್ನು ‘ವಚನ ಸಂಚಯ’ ಎಂಬ ಜಾಲತಾಣ ಚೆನ್ನಾಗಿ ಮಾಡಿಕೊಟ್ಟಿದೆ. ಒಂದು ಪದ ಕೊಟ್ಟರೆ ಅದು ಯಾರ ಯಾವ ವಚನದಲ್ಲಿದೆಯೆಂದು ತೋರಿಸುತ್ತದೆ. ಅಂಥದೊಂದು ಕೋಶ ತತ್ವಪದಗಳಿಗೂ ಬೇಕು.

ವಿಶ್ವವಿದ್ಯಾಲಯಗಳಲ್ಲಿ ನಿಯಮ ಇನ್ನಷ್ಟು ಬಿಗಿಯಾಗಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಸೇರಿದಂತೆ ದೇಶದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಪ್ರಬಂಧದ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆಯಿಲ್ಲ, ಶೇ. 40ರವರೆಗೆ ತಿದ್ದಿ ಕೊಡಬೇಕು, ಶೇ. 60ರವರೆಗೆ ಒಂದು ವರ್ಷ ತಡೆ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಆದರೆ ಕನ್ನಡ ಪುಸ್ತಕಗಳ ಬಹುಪಾಲು ಡಿಜಿಟಲ್ ರೂಪಕ್ಕೆ ಬಂದಿಲ್ಲವಾದ್ದರಿಂದ ಮುದ್ರಿತ ಪುಸ್ತಕದಿಂದ ಎತ್ತಿದ ಪುಟಗಳನ್ನು ತಂತ್ರಾಂಶ ಹಿಡಿಯಲಾರದು; ಅಲ್ಲಿ ಇಂದಿಗೂ ಕಾವಲು ಕಾಯುವುದು ಓದಿಕೊಂಡ ಮಾರ್ಗದರ್ಶಕರ ನೆನಪೇ.

ಕೊನೆಯ ದಾರಿ ನ್ಯಾಯಾಲಯದ್ದು. ಗೊತ್ತಿದ್ದೂ ಕೃತಿಸ್ವಾಮ್ಯ ಉಲ್ಲಂಘಿಸಿದವರಿಗೆ 63ನೆಯ ಕಲಮಿನ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಇದು ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಕ್ರಮ ಕೈಗೊಳ್ಳಬಹುದಾದ ಅಪರಾಧ, ಎಂದು ಸುಪ್ರೀಂ ಕೋರ್ಟು 2022ರಲ್ಲಿ ಸ್ಪಷ್ಟಪಡಿಸಿದೆ. ಒಂದು ಕವಿತೆಯ ನಕಲಿಗೆ ಯಾರನ್ನಾದರೂ ಸೆರೆಮನೆಗೆ ಕಳಿಸಬೇಕೆಂದು ಬಯಸುವ ಲೇಖಕರು ವಿರಳ. ಅವರಿಗೆ ಬೇಕಾದದ್ದು ಹೆಸರು, ತಡೆಯಾಜ್ಞೆ, ನ್ಯಾಯವಾದ ಪರಿಹಾರ, ಮತ್ತು ಇವೆಲ್ಲ ಸಿವಿಲ್ ದಾವೆಯಲ್ಲಿ ಸಿಗುತ್ತವೆ. ಬರಹ ಕದ್ದವರು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಇದ್ದರೂ ಬರೆದವರು ಅಲ್ಲಿಗೆ ಅಲೆಯಬೇಕಾಗಿಲ್ಲ. 62ನೆಯ ಕಲಮಿನಂತೆ ಲೇಖಕರು ತಾವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ, ಅಂದರೆ ಜೇವರ್ಗಿಯವರಾದರೆ ಕಲಬುರಗಿಯಲ್ಲಿಯೇ, ದಾವೆ ಹೂಡಬಹುದು. ವಕೀಲರ ಶುಲ್ಕ ಭರಿಸಲಾರದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ, ಉಳಿದವರಿಗೆ ಆದಾಯದ ಮಿತಿಯೊಳಗೆ ಉಚಿತ ವಕೀಲರನ್ನು ಅದು ಒದಗಿಸುತ್ತದೆ. ಅರ್ಜಿಯನ್ನು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಕೊಡಬೇಕು, ಮತ್ತು ಅದನ್ನು ಕನ್ನಡದಲ್ಲಿಯೇ ಬರೆದು ಕೊಡಬಹುದು.